ಹೊಲದ ತಿಗಣೆಗಳು: ಹೆಸರಿಟ್ಟು ಗುರುತಿಸುವ ವಿದ್ಯೆ

(ಶತಮಾನೋತ್ಸವದ ಉಪನ್ಯಾಸಮಾಲೆಯಲ್ಲಿ ಮುಖ್ಯೋಪಾಧ್ಯಾಯಿನಿಯವರು ಮಾಡಿದ ಭಾಷಣ)



ಈ ಉಪನ್ಯಾಸಮಾಲೆಗೆ ನಾನು ಆರಿಸಿಕೊಂಡಿರುವ ವಿಷಯ ಸಸ್ಯತಿಗಣೆಗಳು, ಅಂದರೆ ಬೆಳೆಗಳ ರಸ ಹೀರಿ ಬದುಕುವ ತಿಗಣೆಗಳು. ಕನ್ನಡ ಎಂ.ಎ. ಓದಿದವರಿಗೆ ಕೀಟಗಳ ಗೊಡವೆ ಏಕೆಂದು ಕೆಲವರಿಗೆ ಅನ್ನಿಸಬಹುದು. ವರ್ಗೀಕರಣವೆಂದರೆ ಮೂಲತಃ ಹೆಸರಿಡುವ ಕೆಲಸ. ಯಾವುದು ಯಾವುದಕ್ಕೆ ಬಂಧು, ಯಾವುದು ಯಾವುದಕ್ಕಿಂತ ಭಿನ್ನ ಎಂಬುದನ್ನು ಕಂಡು, ಅದಕ್ಕೆ ತಕ್ಕ ಹೆಸರಿನಿಂದ ಕರೆಯುವುದು. ಹೆಸರಿಡುವುದು ಭಾಷೆಯ ಕೆಲಸವೂ ಹೌದು. ಆದ್ದರಿಂದ ವಿಜ್ಞಾನದ ಶಿಕ್ಷಕರ ಅಪ್ಪಣೆ ಪಡೆದು ಈ ವಿಷಯಕ್ಕೆ ಕೈಹಾಕಿದ್ದೇನೆ.

ಹೆಸರು, ಗಡಿ, ವಿಂಗಡಣೆ ಇವು ನಮಗೆ ಹೊಸವಲ್ಲ. ಜಹೀರಾಬಾದ್ ಮತ್ತು ನಾರಾಯಣಖೇಡ ಹೈದರಾಬಾದ್ ಸಂಸ್ಥಾನದ ಬೀದರ ಜಿಲ್ಲೆಗೆ ಸೇರಿದ್ದವು, ತಾಂಡೂರು ಗುಲ್ಬರ್ಗಾ ಜಿಲ್ಲೆಗೆ ಸೇರಿತ್ತು. 1956ರ ನವೆಂಬರ್ 1ರಂದು ಭಾಷಾವಾರು ರಾಜ್ಯಗಳಾದಾಗ ಮೂರೂ ಆಂಧ್ರಪ್ರದೇಶಕ್ಕೆ ಬಂದವು. 2014ರಲ್ಲಿ ತೆಲಂಗಾಣವಾಯಿತು. 2016ರಲ್ಲಿ ಜಿಲ್ಲೆಗಳು ಮತ್ತೆ ಬದಲಾಗಿ ಜಹೀರಾಬಾದ್, ನಾರಾಯಣಖೇಡ ಸಂಗಾರೆಡ್ಡಿ ಜಿಲ್ಲೆಗೂ ತಾಂಡೂರು ವಿಕಾರಾಬಾದ್ ಜಿಲ್ಲೆಗೂ ಸೇರಿದವು. ಇಷ್ಟೆಲ್ಲ ಆದರೂ ಹೊಲದಲ್ಲಿ ಜೋಳ, ತೊಗರಿ, ಹತ್ತಿ, ಕಬ್ಬು ಹಾಗೆಯೇ ಉಳಿದವು. ಅವುಗಳ ಮೇಲೆ ಬದುಕುವ ಕೀಟಗಳು ಗಡಿಕಲ್ಲನ್ನು ಕೇಳದೆ ಆಚೆ ಈಚೆ ಹಾರುತ್ತಲೇ ಇವೆ.

ಆ ಕೀಟಗಳನ್ನು ನಾವು ಏನೆಂದು ಕರೆಯುತ್ತೇವೆ? “ಹುಳ ಬಿದ್ದದ.” ಅಷ್ಟೇ. ಎಲೆ ತಿನ್ನುವುದೂ ಹುಳ, ರಸ ಹೀರುವುದೂ ಹುಳ, ಆ ಹುಳವನ್ನೇ ಹಿಡಿದು ತಿನ್ನುವುದೂ ಹುಳ. ಅಂಗಡಿಗೆ ಹೋಗಿ “ಹುಳ ಬಿದ್ದದ, ಔಷಧಿ ಕೊಡ್ರಿ” ಎನ್ನುತ್ತೇವೆ. ಒಂದೇ ಹೆಸರಿಗೆ ಒಂದೇ ಬಾಟಲಿ ಸಿಗುತ್ತದೆ. ಈ ಒಂದು ಹೆಸರಿನಿಂದ ಹೊಲಕ್ಕೂ ಮನೆಗೂ ಆಗುವ ನಷ್ಟವನ್ನು ತೋರಿಸುವುದೇ ಇಂದಿನ ನನ್ನ ಉದ್ದೇಶ.

ಮೊದಲು ತಿಗಣೆ ಎಂದರೇನೆಂದು ತಿಳಿಯೋಣ. ಮಂಚದ ಸಂದಿನಲ್ಲಿ ಅಡಗುವ ತಿಗಣೆ ಎಲ್ಲರಿಗೂ ಗೊತ್ತು. ತೆಲುಗಿನಲ್ಲಿ ನಲ್ಲಿ, ಉರ್ದುವಿನಲ್ಲಿ ಖಟ್ಮಲ್. ಅದು ಒಂದು ದೊಡ್ಡ ವಂಶದ ಒಬ್ಬ ಸದಸ್ಯ ಮಾತ್ರ. ಸ್ವೀಡನ್ನಿನ ಲಿನೇಯಸ್ 1758ರಲ್ಲಿ ಪ್ರಕಟಿಸಿದ ತನ್ನ ಗ್ರಂಥದ ಹತ್ತನೆಯ ಆವೃತ್ತಿಯಲ್ಲಿ ಪ್ರಾಣಿಗಳಿಗೆಲ್ಲ ಎರಡು ಪದಗಳ ಹೆಸರಿಡುವ ಪದ್ಧತಿಯನ್ನು ಅನುಸರಿಸಿದನು. ಆತನೇ ಈ ಗಣಕ್ಕೆ ಹೆಮಿಪ್ಟೆರ ಎಂದು ಹೆಸರಿಟ್ಟನು. ಗ್ರೀಕ್ ಮೂಲದ ಆ ಪದಕ್ಕೆ ಅರ್ಧರೆಕ್ಕೆ ಎಂದು ಅರ್ಥ. ನಿಜವಾದ ತಿಗಣೆಯ ಮುಂದಿನ ರೆಕ್ಕೆಯ ಬುಡದ ಭಾಗ ತೊಗಲಿನಂತೆ ದಪ್ಪ, ತುದಿಯ ಭಾಗ ಪೊರೆಯಂತೆ ತೆಳು. ಒಂದೇ ರೆಕ್ಕೆಯಲ್ಲಿ ಎರಡು ಬಗೆ, ಅದಕ್ಕೇ ಆ ಹೆಸರು.

ಆದರೆ ಈ ಗಣವನ್ನು ಒಂದುಗೂಡಿಸುವುದು ರೆಕ್ಕೆಗಿಂತ ಮಿಗಿಲಾಗಿ ಬಾಯಿ. ಈ ಗಣದ ಕೀಟಗಳಿಗೆ ಅಗಿಯುವ ದವಡೆಯಿಲ್ಲ. ತಲೆಯ ಕೆಳಗೆ ಕೊಕ್ಕಿನಂಥ ಒಂದು ಕೊಳವೆ, ಅದರೊಳಗೆ ಕೂದಲಿಗಿಂತ ಸಣ್ಣದಾದ ನಾಲ್ಕು ಸೂಜಿಗಳು. ಸೂಜಿಗಳು ಕೂಡಿದಾಗ ನಡುವೆ ಎರಡು ನಾಳಗಳಾಗುತ್ತವೆ. ಒಂದರಿಂದ ಜೊಲ್ಲು ಗಿಡದೊಳಕ್ಕೆ ಇಳಿಯುತ್ತದೆ, ಇನ್ನೊಂದರಿಂದ ರಸ ಮೇಲಕ್ಕೆ ಬರುತ್ತದೆ. ಇನ್ನೊಂದು ಲಕ್ಷಣವೂ ಇದೆ. ಚಿಟ್ಟೆಯ ಹಾಗೆ ಇವುಗಳಿಗೆ ಕೀಡಿಯ ಹಂತ, ಕೋಶದ ಹಂತ ಎಂಬ ವೇಷಾಂತರ ಸಾಮಾನ್ಯವಾಗಿ ಇಲ್ಲ. ಮರಿಯು ಬಹುಮಟ್ಟಿಗೆ ತಾಯಿಯ ರೂಪದಲ್ಲೇ ಹುಟ್ಟಿ, ಪೊರೆ ಕಳಚುತ್ತ ಬೆಳೆದು, ಕೊನೆಯಲ್ಲಿ ರೆಕ್ಕೆ ಪಡೆಯುತ್ತದೆ.

ಈ ಗಣದಲ್ಲಿ ನಮಗೆ ಪರಿಚಿತವಾದ ಮೂರು ಉಪಗಣಗಳಿವೆ. ಮೊದಲನೆಯದರಲ್ಲಿ ಸಸ್ಯಹೇನು, ಬಿಳಿನೊಣ, ಹಿಟ್ಟುತಿಗಣೆ ಮತ್ತು ಅರಗಿನ ಹುಳು ಬರುತ್ತವೆ. ಬಳೆಗೂ ಮುದ್ರೆಗೂ ಬಳಸುವ ಅರಗು ಈ ವಂಶದ ಕೊಡುಗೆ. ಎರಡನೆಯದರಲ್ಲಿ ಜಿಗಿಹುಳುಗಳು ಮತ್ತು ಮರದ ಮೇಲೆ ಕುಳಿತು ಕಿವಿಗಡಚಿಕ್ಕುವಂತೆ ಕೂಗುವ ಜೀರುಂಡೆಗಳಿವೆ. ಮೂರನೆಯದೇ ನಿಜವಾದ ತಿಗಣೆಗಳ ಉಪಗಣ. ಅದರಲ್ಲಿ ಸುಮಾರು 40,000 ಪ್ರಭೇದಗಳಿಗೆ ಹೆಸರಿಡಲಾಗಿದೆ. ಮಂಚದ ತಿಗಣೆ, ಹತ್ತಿಯ ಕೆಂಪು ತಿಗಣೆ, ಕೆರೆಯ ನೀರಿನ ಮೇಲೆ ಓಡಾಡುವ ಉದ್ದ ಕಾಲಿನ ಕೀಟ, ಎಲ್ಲವೂ ಇಲ್ಲಿನವೇ. ನೀರಿನಲ್ಲಿ ವಾಸಿಸುವ ಒಂದು ಬಗೆಯ ತಿಗಣೆಯಲ್ಲಿ ಹೆಣ್ಣು ತನ್ನ ಮೊಟ್ಟೆಗಳನ್ನು ಗಂಡಿನ ಬೆನ್ನಿನ ಮೇಲೆ ಅಂಟಿಸುತ್ತದೆ. ಮರಿಯಾಗುವವರೆಗೆ ತಂದೆಯೇ ಹೊತ್ತು ಕಾಯುತ್ತದೆ. ಇದನ್ನು ಹೇಳಿದಾಗ ನಮ್ಮ ಹೆಣ್ಣುಮಕ್ಕಳು ಬಹಳ ಸಂತೋಷಪಡುತ್ತಾರೆ.

ಈ ಉಪಗಣದ ಅತಿದೊಡ್ಡ ಕುಟುಂಬ ಮಿರಿಡೆ. ಸಸ್ಯತಿಗಣೆಗಳೆಂದು ವಿಶೇಷವಾಗಿ ಕರೆಯುವುದು ಇವುಗಳನ್ನೇ. ಜಗತ್ತಿನಲ್ಲಿ ಈವರೆಗೆ 11,000ಕ್ಕೂ ಹೆಚ್ಚು ಪ್ರಭೇದಗಳು ದಾಖಲಾಗಿವೆ. ಹೆಚ್ಚಿನವು ಒಂದು ಜೋಳದ ಕಾಳಿನಷ್ಟು ಉದ್ದವಿರುವ, ಮೈ ಮೃದುವಾದ, ಮುಟ್ಟಿದರೆ ಕಾಲು ಕಳಚಿಬೀಳುವಷ್ಟು ನಾಜೂಕಾದ ಜೀವಿಗಳು. ಬಹುಪಾಲು ತಿಗಣೆಗಳಿಗೆ ದೊಡ್ಡ ಕಣ್ಣುಗಳ ಜೊತೆಗೆ ನೆತ್ತಿಯ ಮೇಲೆ ಎರಡು ಚುಕ್ಕಿಗಣ್ಣುಗಳಿರುತ್ತವೆ. ಮಿರಿಡ್ ತಿಗಣೆಗಳಲ್ಲಿ ಬಹುತೇಕ ಎಲ್ಲಕ್ಕೂ ಅವು ಇಲ್ಲ. ರೆಕ್ಕೆಯ ದಪ್ಪ ಭಾಗದ ತುದಿಯಲ್ಲಿ ಬೇರೆಯಾಗಿ ಕಾಣುವ ಒಂದು ಪುಟ್ಟ ತ್ರಿಕೋನವಿರುತ್ತದೆ. ಭೂತಗನ್ನಡಿ ಹಿಡಿದು ಈ ಎರಡನ್ನು ನೋಡಿದರೆ ಎಂಟನೆಯ ತರಗತಿಯ ಮಗುವೂ ಈ ಕುಟುಂಬವನ್ನು ಗುರುತಿಸಬಲ್ಲದು.

ನಮ್ಮ ದೇಶದ ತಿಗಣೆಗಳನ್ನು ಮೊದಲಿಗೆ ವಿಸ್ತಾರವಾಗಿ ಪಟ್ಟಿ ಮಾಡಿದವರು ಡಬ್ಲ್ಯೂ. ಎಲ್. ಡಿಸ್ಟಂಟ್. 1902ರಿಂದ 1918ರವರೆಗೆ ಏಳು ಸಂಪುಟಗಳು ಬಂದವು. ಬಳಿಕ ಈ ವಿದ್ಯೆ ನಮ್ಮವರ ಕೈಗೂ ಬಂತು. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಡಾ. ಸಿ. ಎ. ವಿರಕ್ತಮಠ ಅವರು ಜಿಗಿಹುಳುಗಳ ನೂರಾರು ಹೊಸ ಪ್ರಭೇದಗಳನ್ನು ವಿವರಿಸಿ ಲೋಕಮಾನ್ಯರಾಗಿದ್ದಾರೆ. ಹೆಸರಿಡದ ಕೀಟಗಳು ಇನ್ನೂ ಬಹಳ ಇವೆ, ಹೆಸರಿಡಬಲ್ಲವರು ಕಡಿಮೆ. ಈ ಸಭೆಯಲ್ಲಿರುವ ಮಕ್ಕಳು ಇದನ್ನು ಗಮನಿಸಬೇಕು.

ಇನ್ನು ನಮ್ಮ ಹೊಲಕ್ಕೆ ಬರೋಣ. ನಮ್ಮ ಜೋಳದಲ್ಲಿ ಒಂದು ಮಿರಿಡ್ ತಿಗಣೆ ಇದೆ. ಶಾಸ್ತ್ರದಲ್ಲಿ ಕ್ಯಾಲೊಕೋರಿಸ್ ಅಂಗುಸ್ಟಾಟಸ್, ಕನ್ನಡದಲ್ಲಿ ಜೋಳದ ತೆನೆ ತಿಗಣೆ. ಹೊಡೆಯಿಂದ ತೆನೆ ಹೊರಬರುತ್ತಿರುವಾಗಲೇ, ಹೂವಾಗುವ ಮೊದಲೇ, ಹೆಣ್ಣು ಬಂದು ಹೂಗಳ ಸಿಪ್ಪೆಯ ಒಳಗೆ ಮೊಟ್ಟೆ ಸೇರಿಸುತ್ತದೆ. ಒಂದು ಹೆಣ್ಣು 150ರಿಂದ 200 ಮೊಟ್ಟೆಗಳವರೆಗೆ ಇಡಬಲ್ಲದು. ಐದರಿಂದ ಏಳು ದಿನಗಳಲ್ಲಿ ಕಿತ್ತಳೆ ಬಣ್ಣದ ಮರಿಗಳು ಹೊರಬರುತ್ತವೆ, ಬೆಳೆಯುತ್ತ ಹಸಿರಾಗುತ್ತವೆ. ಮೊಟ್ಟೆಯಿಂದ ರೆಕ್ಕೆಯವರೆಗಿನ ಬಾಳು ಸುಮಾರು ಎರಡೇ ವಾರ. ಆ ಎರಡು ವಾರಗಳಲ್ಲೇ ಕಾಳು ಹಾಲು ತುಂಬುತ್ತಿರುತ್ತದೆ. ಸೂಜಿ ಚುಚ್ಚಿದ ಕಾಳು ಬಾಡಿ, ಕಂದು ಚುಕ್ಕೆಯಾಗಿ, ತೂಕ ಕಳೆದುಕೊಳ್ಳುತ್ತದೆ. ಮಳೆ ಬಂದರೆ ಆ ಗಾಯದಿಂದ ಬೂಷ್ಟು ಒಳಹೊಗುತ್ತದೆ. ಅಂಥ ಕಾಳು ರೊಟ್ಟಿಗೂ ಆಗದು, ಬಿತ್ತನೆಗೂ ಆಗದು.

ಈ ತಿಗಣೆಯ ಬಗ್ಗೆ ಮಹತ್ವದ ಸಂಶೋಧನೆ ನಡೆದದ್ದು ದೂರದಲ್ಲಲ್ಲ. ನಮ್ಮ ಸಂಗಾರೆಡ್ಡಿ ಜಿಲ್ಲೆಯ ಪಟಾನ್‌ಚೆರುವಿನಲ್ಲಿ 1972ರಲ್ಲಿ ಸ್ಥಾಪಿತವಾದ ಇಕ್ರಿಸ್ಯಾಟ್ ಸಂಸ್ಥೆಯಲ್ಲಿ. ಅಲ್ಲಿನ ಅಧ್ಯಯನಗಳ ಸಾರ ಸರಳವಾಗಿದೆ. ತೆನೆ ಬಿಗಿಯಾಗಿದ್ದರೆ ತಿಗಣೆಗೆ ಮನೆ ಸಿಕ್ಕಂತೆ, ತೆನೆ ಸಡಿಲವಾಗಿದ್ದರೆ ಆಸರೆ ಕಡಿಮೆ. 1964ರಲ್ಲಿ ಸಿಎಸ್‌ಎಚ್-1 ಎಂಬ ಮೊದಲ ಸಂಕರಣ ಜೋಳ ಬಿಡುಗಡೆಯಾದ ಮೇಲೆ ಬೇಗ ಕೊಯ್ಲಿಗೆ ಬರುವ, ಬಿಗಿ ತೆನೆಯ ತಳಿಗಳು ಹರಡಿದವು. ಇಳುವರಿ ಹೆಚ್ಚಿತು. ಆದರೆ ಮಳೆಗಾಲ ಮುಗಿಯುವ ಮೊದಲೇ ತೆನೆ ಬಂದದ್ದರಿಂದ ತಿಗಣೆಗೂ ಬೂಷ್ಟಿಗೂ ಅನುಕೂಲವಾಯಿತು. ಅಕ್ಕಪಕ್ಕದ ಹೊಲಗಳಲ್ಲಿ ಹಿಂದುಮುಂದಾಗಿ ಬಿತ್ತಿದರೆ, ಮೊದಲ ಹೊಲದ ತಿಗಣೆ ಬೆಳೆದು ಎರಡನೆಯ ಹೊಲಕ್ಕೆ ಹೋಗುತ್ತದೆ. ಊರೆಲ್ಲ ಒಂದೇ ಹದದಲ್ಲಿ ಕೂಡಿ ಬಿತ್ತಿದರೆ ಅದಕ್ಕೆ ಎರಡನೆಯ ಊಟ ಸಿಗದು. ಒಂದು ತಿಗಣೆಯ ಬಾಳಿನ ದಿನಗಳನ್ನು ಎಣಿಸಿದ್ದರಿಂದ ಸಿಕ್ಕ ಬುದ್ಧಿ ಇದು, ಖರ್ಚಿಲ್ಲದ ಬುದ್ಧಿ.

ತಾಂಡೂರಿನ ತೊಗರಿಯ ಕಥೆ ಬೇರೆ. ತಾಂಡೂರು ತೊಗರಿಗೆ 2022ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆತದ್ದು ನಮಗೆಲ್ಲ ಹೆಮ್ಮೆ. ಆ ತೊಗರಿಗೆ ಇಬ್ಬರು ಶತ್ರುಗಳು. ಕಾಯಿಕೊರಕದ ಕೀಡಿ ಕಾಯಿಗೆ ತೂತು ಮಾಡಿ ಕಾಳು ತಿನ್ನುತ್ತದೆ. ತೂತು ಎಲ್ಲರಿಗೂ ಕಾಣುತ್ತದೆ. ಕಾಯಿತಿಗಣೆ ಹೊರಗಿನಿಂದಲೇ ಸೂಜಿ ಇಳಿಸಿ ಕಾಳಿನ ರಸ ಹೀರುತ್ತದೆ. ಕಾಯಿ ಹೊರಗೆ ಅಖಂಡವಾಗಿ ಕಾಣುತ್ತದೆ, ಸುಲಿದರೆ ಒಳಗೆ ಸುಕ್ಕುಗಟ್ಟಿದ ಕಾಳು. ಈ ತಿಗಣೆ ಮಿರಿಡೆ ಕುಟುಂಬದ್ದಲ್ಲ, ಅದರ ದೂರದ ದಾಯಾದಿ, ಕೊರಿಡೆ ಎಂಬ ಕುಟುಂಬದ್ದು. ಆದರೂ ಬಾಯಿ ಒಂದೇ ಬಗೆ.

ಬಾಯಿಯ ಬಗೆ ಏಕೆ ಮುಖ್ಯವೆಂಬುದಕ್ಕೆ ಹತ್ತಿಯೇ ಸಾಕ್ಷಿ. 2002ರಲ್ಲಿ ನಮ್ಮ ದೇಶದಲ್ಲಿ ಬಿಟಿ ಹತ್ತಿಗೆ ಅನುಮತಿ ದೊರೆಯಿತು. ಅದರಲ್ಲಿರುವ ವಿಷಾಂಶ ಕೆಲಸ ಮಾಡುವುದು ಕಾಯಿಕೊರಕದ ಜಾತಿಯ ಕೀಡಿಗಳ ಕರುಳಿನಲ್ಲಿ, ತಿಗಣೆಗಳಿಗೆ ಅದು ತಾಗದು. ಕೀಡಿಗಾಗಿ ಹೊಡೆಯುತ್ತಿದ್ದ ವಿಷ ಕಡಿಮೆಯಾದಾಗ, ಅದರಿಂದಲೇ ಅಡಗಿದ್ದ ರಸ ಹೀರುವ ಕೀಟಗಳು ತಲೆಯೆತ್ತಿದವು. 2005ರ ಸುಮಾರಿಗೆ ಹಾವೇರಿ, ಧಾರವಾಡ ಭಾಗದ ಬಿಟಿ ಹತ್ತಿಯಲ್ಲಿ ಕ್ರಿಯೊಂಟಿಯಾಡಿಸ್ ಎಂಬ ಕುಲದ ಮಿರಿಡ್ ತಿಗಣೆ ಮೊಗ್ಗು ಮತ್ತು ಎಳೆಗಾಯಿಗಳನ್ನು ಉದುರಿಸತೊಡಗಿತು. “ಹುಳ ಬೀಳದ ಬೀಜ” ಎಂದು ನಂಬಿ ಬಿತ್ತಿದವರಿಗೆ ಇದು ಒಗಟಾಯಿತು. ಯಾವ ಹುಳಕ್ಕೆ ಎಂಬ ಪ್ರಶ್ನೆಯನ್ನು ಮೊದಲೇ ಕೇಳಿದ್ದರೆ ಅದು ಒಗಟಾಗುತ್ತಿರಲಿಲ್ಲ.

ಎಲ್ಲ ತಿಗಣೆಗಳೂ ವೈರಿಗಳೇ ಎಂದು ಮಾತ್ರ ತಿಳಿಯಬಾರದು. ಭತ್ತದ ಗದ್ದೆಯಲ್ಲಿ ಕಂದು ಜಿಗಿಹುಳು ಬೆಳೆಯನ್ನು ಸುಟ್ಟಂತೆ ಮಾಡುತ್ತದೆ. ಅದರ ಮೊಟ್ಟೆಗಳನ್ನು ಹುಡುಕಿ ಹೀರುವ ಒಂದು ಪುಟ್ಟ ಹಸಿರು ಕೀಟವಿದೆ, ಸಿರ್ಟೋರೈನಸ್. ಅದೂ ಮಿರಿಡೆ ಕುಟುಂಬದ್ದೇ. ಜೋಳದ ತೆನೆ ತಿಗಣೆಗೆ ಸ್ವಂತ ಬಳಗ, ರೈತನಿಗೆ ಮಿತ್ರ. ಔಷಧಿ ಎಂದು ಹೊಡೆದ ವಿಷ ಮೊದಲು ಈ ಮಿತ್ರನನ್ನು ಕೊಂದರೆ, ಕಾವಲುಗಾರನಿಲ್ಲದ ಹೊಲದಲ್ಲಿ ಜಿಗಿಹುಳು ಮೊದಲಿಗಿಂತ ಹೆಚ್ಚಾಗಿ ಹಬ್ಬುತ್ತದೆ. ಒಂದು ಮನೆತನದಲ್ಲಿ ಒಬ್ಬ ಕಳ್ಳನಿದ್ದರೆ ಮನೆತನಕ್ಕೆಲ್ಲ ಶಿಕ್ಷೆ ವಿಧಿಸುವುದು ನ್ಯಾಯವಲ್ಲ. ಹೊಲದಲ್ಲಿ ಅದು ಲಾಭವೂ ಅಲ್ಲ.

ಒಂದು ತಿಗಣೆಯ ಹೆಸರಿನಲ್ಲಿ ಮನುಷ್ಯರು ಎಷ್ಟು ನೋಯಬಹುದೆಂಬುದಕ್ಕೆ ನಮ್ಮಂತೆಯೇ ಗಡಿಯಲ್ಲಿರುವ ಇನ್ನೊಂದು ಕನ್ನಡ ನಾಡಿನ ಉದಾಹರಣೆ ಇದೆ. ಕೇರಳದ ಕಾಸರಗೋಡು. ಅಲ್ಲಿನ ಗೇರು ಮರಗಳ ಚಿಗುರು, ಹೂಗೊಂಚಲು, ಎಳೆಗಾಯಿಗಳನ್ನು ಚುಚ್ಚಿ ಒಣಗಿಸುವ ಕೀಟಕ್ಕೆ ಟೀ ಸೊಳ್ಳೆ ಎಂದು ಹೆಸರು. ಆದರೆ ಅದು ಸೊಳ್ಳೆಯಲ್ಲ, ಹೆಲೊಪೆಲ್ಟಿಸ್ ಎಂಬ ಕುಲದ ಮಿರಿಡ್ ತಿಗಣೆ. ಉದ್ದ ಕಾಲು, ಉದ್ದ ಮೀಸೆ ನೋಡಿ ಯಾರೋ ಸೊಳ್ಳೆ ಎಂದು ಕರೆದರು. ಇದನ್ನು ಕೊಲ್ಲಲು ಸರ್ಕಾರಿ ಸ್ವಾಮ್ಯದ ಗೇರು ತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ತೋಟದ ಕೆಳಗೆ ಮನೆಗಳಿದ್ದವು, ಬಾವಿಗಳಿದ್ದವು, ಶಾಲೆಗೆ ನಡೆದು ಹೋಗುವ ಮಕ್ಕಳಿದ್ದರು. ಅಂಗವೈಕಲ್ಯ, ನರದೌರ್ಬಲ್ಯ ಮತ್ತು ಬುದ್ಧಿಮಾಂದ್ಯತೆಯಿಂದ ಬಳಲುವ ಮಕ್ಕಳು ಅಲ್ಲಿ ಮನೆಮನೆಯಲ್ಲಿ ಕಾಣತೊಡಗಿದಾಗ, ಪಡ್ರೆ ಗ್ರಾಮದ ವೈದ್ಯರಾದ ಡಾ. ವೈ. ಎಸ್. ಮೋಹನ ಕುಮಾರ್ ಮತ್ತು ಕನ್ನಡದ ಪತ್ರಕರ್ತ ಶ್ರೀಪಡ್ರೆ ಅವರು ಇದನ್ನು ನಾಡಿನ ಗಮನಕ್ಕೆ ತಂದರು. 2011ರಲ್ಲಿ ಸರ್ವೋಚ್ಚ ನ್ಯಾಯಾಲಯವು ಎಂಡೋಸಲ್ಫಾನಿನ ಉತ್ಪಾದನೆ, ಮಾರಾಟ, ಬಳಕೆಗಳನ್ನು ದೇಶಾದ್ಯಂತ ತಡೆಯಿತು. 2017ರಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು ಕೇರಳ ಸರ್ಕಾರಕ್ಕೆ ಆದೇಶಿಸಿತು.

ಆ ತಿಗಣೆಯ ಉದ್ದ ಒಂದು ಸೆಂಟಿಮೀಟರಿಗಿಂತ ಕಡಿಮೆ. ಅದಕ್ಕೆ ಸಹಜ ವೈರಿಗಳೂ ಇದ್ದವು. ಎಲೆಗಳನ್ನು ಹೊಲಿದು ಗೂಡು ಕಟ್ಟುವ ಕೆಂಪು ಚಗಳಿ ಇರುವೆ ಗೇರು ಮರದಲ್ಲಿ ಅದನ್ನು ಬೇಟೆಯಾಡುತ್ತದೆ. ಆಕಾಶದಿಂದ ಬಿದ್ದ ವಿಷಕ್ಕೆ ತಿಗಣೆ ಯಾವುದು, ಇರುವೆ ಯಾವುದು, ಮಗು ಯಾವುದು ಎಂಬ ವಿಂಗಡಣೆ ತಿಳಿಯದು. ಆ ವಿಂಗಡಣೆ ಮನುಷ್ಯರು ಮಾಡಬೇಕಾದ ಕೆಲಸ.

ಪಾಲಕರೇ, ನಾನು ಕನ್ನಡದ ಶಿಕ್ಷಕಿಯಾಗಿ ಗಮನಿಸಿದ ಒಂದು ಮಾತಿದೆ. ನಮ್ಮ ಸೀಮೆಯಲ್ಲಿ ಕನ್ನಡದವರು ಔಷಧಿ ಎನ್ನುತ್ತೇವೆ, ತೆಲುಗಿನವರು ಮಂದು ಎನ್ನುತ್ತಾರೆ, ಉರ್ದುವಿನವರು ದವಾ ಎನ್ನುತ್ತಾರೆ. ಮೂರು ಭಾಷೆಗಳಲ್ಲೂ ವಿಷಕ್ಕೆ ಮದ್ದಿನ ಹೆಸರು. ಮದ್ದೆಂದು ಕರೆದದ್ದನ್ನು ಕೈಯಿಂದ ಕಲಸುತ್ತೇವೆ, ಖಾಲಿಯಾದ ಡಬ್ಬಿಯಲ್ಲಿ ನೀರು ತುಂಬುತ್ತೇವೆ, ಜಗುಲಿಯ ಮೇಲೆ ಇಡುತ್ತೇವೆ. ಹೆಸರು ತಪ್ಪಿದಲ್ಲಿ ನಡತೆಯೂ ತಪ್ಪುತ್ತದೆ. ಇಂದಿನಿಂದ ಮನೆಯಲ್ಲಿ ಅದನ್ನು ಕೀಟನಾಶಕ ಎನ್ನಿರಿ, ಇಲ್ಲವೆ ನೇರವಾಗಿ ವಿಷ ಎನ್ನಿರಿ.

ಅದರ ಡಬ್ಬಿಯ ಮೇಲೆ ವಜ್ರದಾಕಾರದ ಒಂದು ಗುರುತಿರುತ್ತದೆ. ಅದರ ಕೆಳಗಿನ ತ್ರಿಕೋನದ ಬಣ್ಣ ನೋಡಿರಿ. ಕೆಂಪು ಎಂದರೆ ಅತ್ಯಂತ ತೀವ್ರ ವಿಷ, ಹಳದಿ ಎಂದರೆ ತೀವ್ರ, ನೀಲಿ ಮಧ್ಯಮ, ಹಸಿರು ಅದಕ್ಕಿಂತ ಕಡಿಮೆ. ಹಸಿರು ಎಂದರೆ ಅಪಾಯವಿಲ್ಲ ಎಂದಲ್ಲ. ಡಬ್ಬಿಯ ಮೇಲಿನ ಬರಹ ನಮ್ಮ ಮನೆಗಳ ಹಿರಿಯರಿಗೆ ಬರುವ ಲಿಪಿಯಲ್ಲಿ ಇರದೆ ಹೋಗಬಹುದು. ಬಣ್ಣಕ್ಕೆ ಲಿಪಿ ಬೇಡ. ಉಳಿದದ್ದನ್ನು ನಮ್ಮ ಮಕ್ಕಳು ಓದಿ ಹೇಳುತ್ತಾರೆ. ಕನ್ನಡದಲ್ಲಿ ಕಲಿತು, ತೆಲುಗು, ಹಿಂದಿ, ಇಂಗ್ಲಿಷುಗಳನ್ನೂ ಓದಬಲ್ಲ ಮಗು ಈ ಗಡಿಯ ಮನೆಗೆ ದೊಡ್ಡ ಆಸ್ತಿ. ಕನ್ನಡ ಶಾಲೆಯಲ್ಲಿ ಓದಿದರೆ ಮುಂದೇನು ಎಂದು ಕೇಳುವವರಿಗೆ ಇದೂ ನನ್ನ ಒಂದು ಉತ್ತರ. ತಾಯ್ನುಡಿಯಲ್ಲಿ ವಸ್ತುವನ್ನು ಸ್ಪಷ್ಟವಾಗಿ ತಿಳಿದವರು ಅದರ ಹೆಸರನ್ನು ಯಾವ ಭಾಷೆಯಲ್ಲಾದರೂ ಕಲಿಯಬಲ್ಲರು.

ಮಕ್ಕಳೇ, ನಿಮಗೆ ಮೂರು ಪ್ರಶ್ನೆಗಳನ್ನು ಕೊಡುತ್ತೇನೆ. ಹೊಲದಲ್ಲಿ ಹುಳು ಕಂಡಾಗ ಮೊದಲು ಕೇಳಿ: ಇದರ ಬಾಯಿ ಅಗಿಯುವುದೋ, ಚುಚ್ಚುವುದೋ? ಎರಡನೆಯದು: ಬೆನ್ನ ಮೇಲೆ ರೆಕ್ಕೆಗಳು ಒಂದರ ಮೇಲೊಂದು ಮಡಿಚಿಕೊಂಡಿವೆಯೋ, ನಡುವೆ ನೇರ ಗೆರೆಯಾಗಿ ಕೂಡಿವೆಯೋ? ಮಡಿಚಿದ್ದರೆ ಬಹುಶಃ ತಿಗಣೆ. ನೇರ ಗೆರೆಯಿದ್ದರೆ ಗುಲಗಂಜಿ ಹುಳುವಿನ ಬಳಗದ್ದು. ಮೂರನೆಯದು: ಇದು ಏನು ತಿನ್ನುತ್ತಿದೆ, ಗಿಡವನ್ನೋ, ಇನ್ನೊಂದು ಹುಳುವನ್ನೋ? ಉತ್ತರ ಸಿಗುವವರೆಗೆ ಕಾಯಿರಿ. ಅಪ್ಪನಿಗೂ ಕಾಯಲು ಹೇಳಿರಿ. ಬೆಳಗಿನ ತಂಪಿನಲ್ಲಿ ಐದು ಜೋಳದ ತೆನೆಗಳನ್ನು ಬಿಳಿ ಬಟ್ಟೆಯ ಮೇಲೆ ಬಡಿದು, ಬಿದ್ದ ತಿಗಣೆಗಳನ್ನು ಎಣಿಸಿರಿ. ವಿಷ ಹೊಡೆದ ಹೊಲಕ್ಕೆ ಮಾತ್ರ ಕಾಲಿಡಬೇಡಿರಿ. ಎಣಿಸಿದ ಲೆಕ್ಕವನ್ನು ಹಿಡಿದು ಜಹೀರಾಬಾದ್ ಬಳಿಯ ದಿಡ್ಗಿಯ ಕೃಷಿ ವಿಜ್ಞಾನ ಕೇಂದ್ರಕ್ಕೋ ತಾಂಡೂರಿನ ಕೃಷಿ ಸಂಶೋಧನಾ ಕೇಂದ್ರಕ್ಕೋ ಹೋದರೆ, “ಹುಳ ಬಿದ್ದದ” ಎಂಬ ಮಾತಿಗಿಂತ ಹೆಚ್ಚು ಉಪಯೋಗವಾದ ಸಲಹೆ ಸಿಗುತ್ತದೆ.

ಶತಮಾನೋತ್ಸವದ ಕಾಣಿಕೆಯಾಗಿ ನಮ್ಮ ಶಾಲೆಯಲ್ಲಿ ಒಂದು ಕೀಟದ ದಫ್ತರವನ್ನು ಆರಂಭಿಸೋಣ ಎಂಬುದು ನನ್ನ ಸೂಚನೆ. ಪ್ರತಿ ಪುಟಕ್ಕೆ ಒಂದು ಕೀಟ. ಮಗು ಬರೆದ ಚಿತ್ರ, ಕಂಡ ದಿನ, ಕಂಡ ಬೆಳೆ. ಅಜ್ಜಿ ಕರೆಯುವ ಹೆಸರು, ಪಕ್ಕದ ಮನೆಯವರು ತೆಲುಗಿನಲ್ಲಿ, ಉರ್ದುವಿನಲ್ಲಿ, ಮರಾಠಿಯಲ್ಲಿ ಕರೆಯುವ ಹೆಸರು, ಕೊನೆಗೆ ಶಾಸ್ತ್ರದ ಹೆಸರು. ಹಿರಿಯರ ಬಾಯಲ್ಲಿರುವ ಹೆಸರುಗಳು ಇಂದು ಬರೆದಿಡದಿದ್ದರೆ ಮುಂದಿನ ಪೀಳಿಗೆಗೆ ದೊರೆಯವು. ಹಳೆಯ ವಿದ್ಯಾರ್ಥಿಗಳು ನಾಲ್ಕು ಭೂತಗನ್ನಡಿಗಳನ್ನು ಕೊಡಿಸಿದರೆ ಸಾಕು, ಉಳಿದದ್ದನ್ನು ಮಕ್ಕಳು ಮಾಡುತ್ತಾರೆ.

ಎಳ್ಳಮಾವಾಸ್ಯೆಯ ದಿನ ನಾವು ಹೊಲಕ್ಕೆ ಹೋಗಿ ಚರಗ ಚೆಲ್ಲುತ್ತೇವೆ. ಭೂತಾಯಿಗೆ ಮತ್ತು ಹೊಲದ ಸಕಲ ಜೀವಿಗಳಿಗೆ ಪಾಲು ಕೊಟ್ಟು ಆಮೇಲೆ ನಾವು ಉಣ್ಣುತ್ತೇವೆ. ಸಕಲ ಜೀವಿಗಳು ಎನ್ನುವ ಆ ಮಾತಿನೊಳಗೆ ಯಾರ್ಯಾರಿದ್ದಾರೆಂದು ಹೆಸರು ಹಿಡಿದು ತಿಳಿಯುವುದು ವಿದ್ಯೆಯ ಕೆಲಸ. ನೂರು ವರ್ಷ ಅಕ್ಷರ ಕಲಿಸಿದ ಈ ಶಾಲೆ ಆ ಕೆಲಸವನ್ನೂ ಮಾಡಲಿ ಎಂದು ಹಾರೈಸುತ್ತೇನೆ.